ಬಿ.ಪಿ. ಮಾತ್ರೆ ಮತ್ತು ಕಾಲಿನ ಬಾವು

ಹರಪನಹಳ್ಳಿ ತಾಲ್ಲೂಕಿನ ಬಾಗಳಿಯಂಥ ಊರುಗಳಲ್ಲೂ ಈಗ ದಿನಾ ಬಿ.ಪಿ. ಮಾತ್ರೆ ನುಂಗುವ ಹಿರಿಯರು ಅನೇಕ ಮನೆಗಳಲ್ಲಿದ್ದಾರೆ. ನಿಮ್ಮ ಮನೆಯಲ್ಲಿದ್ದರೆ ಆ ಮಾತ್ರೆಯ ಸ್ಟ್ರಿಪ್ ತಿರುಗಿಸಿ ಹೆಸರು ಓದಿ. ಆಮ್ಲೋಡಿಪಿನ್, ನಿಫೆಡಿಪಿನ್, ಸಿಲ್ನಿಡಿಪಿನ್ ಇವೆಲ್ಲ ‘ಕ್ಯಾಲ್ಸಿಯಂ ಚಾನೆಲ್ ಬ್ಲಾಕರ್’ ಎಂಬ ಗುಂಪಿನ ಔಷಧಿಗಳು.

ರಕ್ತನಾಳದ ಗೋಡೆಯಲ್ಲಿ ಸ್ನಾಯುಗಳಿವೆ. ಅವುಗಳ ಜೀವಕೋಶದೊಳಗೆ ಕ್ಯಾಲ್ಸಿಯಂ ಪ್ರವೇಶಿಸಿದಾಗ ನಾಳ ಬಿಗಿಯುತ್ತದೆ. ಈ ಮಾತ್ರೆ ಆ ಪ್ರವೇಶವನ್ನು ತಡೆಯುತ್ತದೆ. ನಾಳ ಸಡಿಲಗೊಂಡು ಒತ್ತಡ ಇಳಿಯುತ್ತದೆ. ಹೃದಯದ ಎದೆನೋವಿಗೂ ಇವನ್ನು ಕೊಡುವುದುಂಟು. ಜರ್ಮನಿಯ ಫ್ಲೆಕೆನ್‌ಸ್ಟೈನ್ 1960ರ ದಶಕದಲ್ಲಿ ಈ ಗುಣವನ್ನು ಗುರುತಿಸಿದರು. ಮೂಳೆಯ ಕ್ಯಾಲ್ಸಿಯಂ ಇದರಿಂದ ಕರಗುವುದಿಲ್ಲ. ಹಾಲು, ರಾಗಿ ಬಿಡಬೇಕಾಗಿಲ್ಲ.

ಮನೆಯವರು ಗಾಬರಿಯಾಗುವುದು ಕಾಲು ನೋಡಿ. ಮಾತ್ರೆ ಶುರುವಾದ ಕೆಲವು ವಾರಗಳಲ್ಲಿ ಕೆಲವರಿಗೆ ಎರಡೂ ಪಾದ, ಹರಡು ಬಾತುಕೊಳ್ಳುತ್ತವೆ. ಸಂಜೆ ಕಲ್ಲೇಶ್ವರ ಗುಡಿಯವರೆಗೆ ಹೋಗಿ ಬರುವಷ್ಟರಲ್ಲಿ ಚಪ್ಪಲಿ ಬಿಗಿಯಾಗುತ್ತದೆ. ಬೆಳಿಗ್ಗೆ ಏಳುವಾಗ ಇಳಿದಿರುತ್ತದೆ. 10 ಮಿಲಿಗ್ರಾಂ ತೆಗೆದುಕೊಳ್ಳುವವರಲ್ಲಿ, ಅದರಲ್ಲೂ ಹೆಂಗಸರಲ್ಲಿ ಇದು ಹೆಚ್ಚು. ‘ಕಿಡ್ನಿ ಕೆಟ್ಟಿತು’ ಎಂದುಕೊಂಡು ಕೆಲವರು ಸದ್ದಿಲ್ಲದೆ ಮಾತ್ರೆ ನಿಲ್ಲಿಸುತ್ತಾರೆ. ಇನ್ನು ಕೆಲವರು ಔಷಧಿ ಅಂಗಡಿಯಲ್ಲಿ ಕೇಳಿ ನೀರಿಳಿಸುವ ಮಾತ್ರೆ ತರುತ್ತಾರೆ. ಎರಡೂ ತಪ್ಪು. ಇಲ್ಲಿ ಮೈಯಲ್ಲಿ ನೀರು ಹೆಚ್ಚಾಗಿರುವುದಿಲ್ಲ. ಸಡಿಲಗೊಂಡ ಸಣ್ಣ ನಾಳಗಳಿಂದ ನೀರು ಸುತ್ತಲ ಅಂಗಾಂಶಕ್ಕೆ ಜಿನುಗಿರುತ್ತದೆ. ಆದ್ದರಿಂದ ನೀರಿಳಿಸುವ ಮಾತ್ರೆಯಿಂದ ಅಷ್ಟಾಗಿ ಪ್ರಯೋಜನವಿಲ್ಲ. ಮಾತ್ರೆ ಬಿಟ್ಟರೆ ಬಾವು ಇಳಿಯುತ್ತದೆ, ನಿಜ. ಆದರೆ ಒತ್ತಡ ಯಾವ ಸೂಚನೆಯನ್ನೂ ಕೊಡದೆ ಮತ್ತೆ ಏರುತ್ತದೆ. ಲಕ್ವ ಹೊಡೆದ ಮೇಲೆ ‘ಮಾತ್ರೆ ಬಿಟ್ಟು ಎರಡು ತಿಂಗಳಾಗಿತ್ತು’ ಎಂದು ಹೇಳಿ ಏನು ಫಲ?

ವೈದ್ಯರಿಗೆ ತೋರಿಸಿ. ಪ್ರಮಾಣ ಇಳಿಸುವುದು, ಬೇರೆ ಮಾತ್ರೆ ಜೊತೆಗೂಡಿಸುವುದು, ಔಷಧಿಯನ್ನೇ ಬದಲಿಸುವುದು, ಎಲ್ಲಕ್ಕೂ ದಾರಿಯಿದೆ. ಅಲ್ಲಿಯವರೆಗೆ ಕುಳಿತಾಗ, ಮಲಗಿದಾಗ ಕಾಲನ್ನು ದಿಂಬಿನ ಮೇಲೆ ಎತ್ತರಕ್ಕಿಡಿ. ಒಂದೇ ಕಾಲು ಬಾತು ನೋಯುತ್ತಿದ್ದರೆ, ಮಲಗಿದಾಗ ಉಸಿರು ಕಟ್ಟಿದರೆ, ಮುಖವೂ ಊದಿದರೆ ಅದು ಮಾತ್ರೆಯ ಬಾವು ಎಂದು ಸುಮ್ಮನಿರಬೇಡಿ. ಅಂದೇ ಆಸ್ಪತ್ರೆಗೆ ಹೋಗಿ.

ಹೊಸದಾಗಿ ಮಾತ್ರೆ ಶುರುಮಾಡಿದವರಿಗೆ ತಲೆನೋವು, ಮುಖ ಬಿಸಿಯಾಗುವುದು ಕೆಲ ದಿನ ಇರಬಹುದು. ಹಾಸಿಗೆಯಿಂದ ಒಮ್ಮೆಲೇ ಎದ್ದರೆ ತಲೆ ಸುತ್ತೀತು. ಅಜ್ಜ ಅಜ್ಜಿಯರು ಒಂದು ನಿಮಿಷ ಕುಳಿತು ಏಳಲಿ. ಒಸಡು ದಪ್ಪವಾಗುವುದೂ ಉಂಟು, ಹಲ್ಲುಜ್ಜುವಾಗ ಗಮನಿಸಿ.

ಡಿಲ್ಟಿಯಾಜೆಮ್, ವೆರಪಾಮಿಲ್ ಇದೇ ಗುಂಪಿನವಾದರೂ ಹೃದಯದ ಬಡಿತವನ್ನೂ ನಿಧಾನಿಸುತ್ತವೆ. ಇವನ್ನು ನುಂಗುವವರ ನಾಡಿಯನ್ನು ಪೂರ್ತಿ ಒಂದು ನಿಮಿಷ ಎಣಿಸಿ ಬರೆದಿಡಿ. 50ಕ್ಕಿಂತ ಕಡಿಮೆಯಿದ್ದರೆ ವೈದ್ಯರಿಗೆ ತಿಳಿಸಿ. ಜೊತೆಗೆ ಅಟೆನೊಲಾಲ್‌ನಂಥ ಮಾತ್ರೆಯೂ ಇದ್ದರೆ ಎಚ್ಚರ ಇನ್ನೂ ಹೆಚ್ಚಿರಲಿ. ವೆರಪಾಮಿಲ್‌ನಿಂದ ಮಲಬದ್ಧತೆ ಸಾಮಾನ್ಯ.

ನುಂಗಲು ಕಷ್ಟವೆಂದು ನಿಧಾನವಾಗಿ ಕರಗುವ ಮಾತ್ರೆಗಳನ್ನು ಪುಡಿ ಮಾಡಿ ಕೊಡಬೇಡಿ. ಇಡೀ ದಿನದ ಔಷಧಿ ಒಮ್ಮೆಲೇ ರಕ್ತಕ್ಕೆ ಸೇರುತ್ತದೆ. ಒಂದು ಹೊತ್ತು ಮರೆತರೆ ಮರುದಿನ ಎರಡು ನುಂಗಿಸಬೇಡಿ. ಎದೆನೋವು ಬಂದು ಬೆವರಿದರೆ, ಬಾಯಿ ಸೊಟ್ಟಗಾದರೆ, ಎಚ್ಚರ ತಪ್ಪಿದರೆ 108ಕ್ಕೆ ಕರೆ ಮಾಡಿ. ಹೋಗುವಾಗ ಮಾತ್ರೆಯ ಸ್ಟ್ರಿಪ್ ಮತ್ತು ಬಿ.ಪಿ. ಬರೆದ ಚೀಟಿ ಜೊತೆಗಿರಲಿ.