ಮನೆಯಲ್ಲಿ ಆಮೆ ಸಾಕಿದ್ದೀರಾ? ವೈದ್ಯರಿಗೆ ತಿಳಿಸಿ

ಮೀನು ತರಲು ಅಕ್ವೇರಿಯಂ ಅಂಗಡಿಗೆ ಹೋದವರು ಜೊತೆಗೊಂದು ಆಮೆಮರಿಯನ್ನೂ ತರುವುದು ನಮ್ಮ ನಗರಗಳಲ್ಲಿ ಅಪರೂಪವೇನಲ್ಲ. ಕೆಲವರು ಮಕ್ಕಳ ಹಠಕ್ಕೆ ಮಣಿದು ತರುತ್ತಾರೆ. ಇನ್ನು ಕೆಲವರಿಗೆ ಆಮೆಯಿಂದ ವಾಸ್ತುದೋಷ ಕಳೆಯುತ್ತದೆಂಬ ನಂಬಿಕೆ. ಹಸಿರು ಚಿಪ್ಪು, ಕಣ್ಣಿನ ಹಿಂದೆ ಕೆಂಪು ಪಟ್ಟೆ ಇರುವ ಈ ಮರಿ ‘ರೆಡ್ ಇಯರ್ಡ್ ಸ್ಲೈಡರ್’ ಜಾತಿಯದು. ತವರು ಅಮೆರಿಕದ ಮಿಸಿಸಿಪಿ ನದೀ ಪ್ರದೇಶ. ಬೊಗಳುವುದಿಲ್ಲ, ಕೂದಲು ಉದುರಿಸುವುದಿಲ್ಲ, ರೇಬಿಸ್ ಭಯವಿಲ್ಲ. ಹಾಗಾಗಿ ಇದರಿಂದಲೂ ಕಾಯಿಲೆ ಬರಬಹುದೆಂದು ಯಾರಿಗೂ ಹೊಳೆಯುವುದಿಲ್ಲ. ಮಗುವಿಗೆ ಭೇದಿಯಾದಾಗ ತಾಯಂದಿರು ಮದುವೆ ಮನೆಯ ಊಟ, ರಸ್ತೆಬದಿಯ ಪಾನಿಪುರಿ ಎಲ್ಲವನ್ನೂ ನೆನಪಿಸಿಕೊಂಡು ಹೇಳುತ್ತಾರೆ. ಮನೆಯಲ್ಲಿ ಆಮೆ ಇರುವ ವಿಷಯ ಮಾತ್ರ ಬರುವುದೇ ಇಲ್ಲ.

ಆಮೆ, ಹಾವು, ಇಗ್ವಾನಾ ಮುಂತಾದ ಸರೀಸೃಪಗಳ ಮತ್ತು ಕಪ್ಪೆಗಳ ಕರುಳಿನಲ್ಲಿ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಇರುವುದು ಸಾಮಾನ್ಯ. ಪ್ರಾಣಿಗೆ ಅದರಿಂದ ಏನೂ ತೊಂದರೆಯಾಗದು. ಚೆನ್ನಾಗಿ ತಿಂದು ಲವಲವಿಕೆಯಿಂದ ಈಜುತ್ತಿರುತ್ತದೆ. ಮಲದ ಮೂಲಕ ಹೊರಬಿದ್ದ ರೋಗಾಣು ನೀರಿಗೆ, ನೀರಿನಿಂದ ಚಿಪ್ಪಿಗೆ, ಚಿಪ್ಪಿನಿಂದ ನಮ್ಮ ಕೈಗೆ ಬರುತ್ತದೆ. ಅದು ಪ್ರತಿದಿನವೂ ಹೊರಬೀಳುವುದಿಲ್ಲವಾದ್ದರಿಂದ ಒಂದು ಸಲ ಪರೀಕ್ಷೆ ಮಾಡಿಸಿ ‘ರೋಗಾಣು ಇಲ್ಲ’ ಎಂದು ಬಂದರೂ ನಿಶ್ಚಿಂತರಾಗುವಂತಿಲ್ಲ. ನೀರಿಗೆ ಆಂಟಿಬಯಾಟಿಕ್ ಹಾಕಿದರೂ ಪೂರ್ತಿ ಹೋಗದು. ಔಷಧಿಗೆ ಬಗ್ಗದ ತಳಿ ಹುಟ್ಟಲು ಅವಕಾಶವಾಗುತ್ತದೆ, ಅಷ್ಟೆ. ಟೈಫಾಯ್ಡ್ ತರುವುದೂ ಒಂದು ಬಗೆಯ ಸಾಲ್ಮೊನೆಲ್ಲಾ ನಿಜ. ಆದರೆ ಅದು ಮನುಷ್ಯನಿಂದ ಮನುಷ್ಯನಿಗೆ ಮಾತ್ರ ಹರಡುವಂಥದು. ಆಮೆಯಿಂದ ಟೈಫಾಯ್ಡ್ ಬರುವುದಿಲ್ಲ, ಅದರ ದಾಯಾದಿಗಳು ಬರುತ್ತವೆ.

ಅಮೆರಿಕದಲ್ಲಿ ಒಂದು ಕಾಲಕ್ಕೆ ಇಂಥ ಮರಿಗಳ ವ್ಯಾಪಾರ ಜೋರಾಗಿತ್ತು. ಮಕ್ಕಳಲ್ಲಿ ಸಾಲ್ಮೊನೆಲ್ಲಾ ಸೋಂಕೂ ಜೋರಾಗಿತ್ತು. ಕೊನೆಗೆ 1975ರಲ್ಲಿ ಅಲ್ಲಿನ ಸರ್ಕಾರ 4 ಅಂಗುಲಕ್ಕಿಂತ ಚಿಕ್ಕ ಚಿಪ್ಪಿನ ಆಮೆಗಳನ್ನು ಸಾಕಲು ಮಾರುವುದನ್ನು ನಿಷೇಧಿಸಿತು. ಚಿಕ್ಕ ಆಮೆಯನ್ನು ಮಕ್ಕಳು ಆಟಿಕೆಯಂತೆ ಬಾಯಿಗೆ ಹಾಕಿಕೊಳ್ಳುತ್ತಾರೆ ಎಂಬುದೇ ಕಾರಣ. ಮುಂದೆ 2009ರಿಂದ 2011ರವರೆಗೆ ಅದೇ ದೇಶದಲ್ಲಿ ಸಾಕುಗಪ್ಪೆಗಳಿಂದ ಇಂಥದೇ ಸೋಂಕು ಹರಡಿತು. ಆಗಲೂ ಕಾಯಿಲೆ ಬಿದ್ದವರಲ್ಲಿ ಹೆಚ್ಚಿನವರು ಮಕ್ಕಳೇ.

ಇನ್ನು ಆಹಾರದ ಮಾತು. ಇದು ಪಶುವೈದ್ಯರ ಕ್ಷೇತ್ರವಾದರೂ, ಆಮೆ ಎಷ್ಟು ಕೊಳಕು ನೀರಿನಲ್ಲಿ ಇರುತ್ತದೆಯೋ ನಿಮಗೆ ಅಷ್ಟು ಅಪಾಯವಾದ್ದರಿಂದ ಹೇಳಲೇಬೇಕು. ಅನ್ನ, ಬ್ರೆಡ್ಡು ಇದರ ಆಹಾರವಲ್ಲ. ಅವು ನೀರನ್ನು ಕೆಡಿಸುತ್ತವೆ. ಅಂಗಡಿಯ ಕಾಳಿನಂಥ ಆಹಾರವೊಂದೇ ಸಾಲದು. ಮರಿಯಿದ್ದಾಗ ಸಣ್ಣ ಮೀನು, ಎರೆಹುಳು, ಸಿಗಡಿ ಹೆಚ್ಚು ಬೇಕು. ಬೆಳೆದಂತೆ ಲೆಟ್ಯೂಸ್‌ನಂಥ ಸೊಪ್ಪು, ನೀರುಗಿಡ, ತುರಿದ ಕ್ಯಾರೆಟ್ ಹೆಚ್ಚಿಸಬೇಕು. ಪಾಲಕ್ ಸೊಪ್ಪನ್ನು ದಿನವೂ ಕೊಡಬೇಡಿ, ಅದರಲ್ಲಿರುವ ಆಕ್ಸಲೇಟ್ ಸುಣ್ಣದ ಅಂಶ ಮೈಗೆ ಹತ್ತದಂತೆ ಮಾಡುತ್ತದೆ. ಸುಣ್ಣದ ಅಂಶ ಮತ್ತು ಬಿಸಿಲು ಸಾಲದಿದ್ದರೆ ಚಿಪ್ಪು ಮೆತ್ತಗಾಗುತ್ತದೆ. ‘ಎ’ ಜೀವಸತ್ವ ಕಡಿಮೆಯಾದರೆ ಕಣ್ಣು ಊದಿಕೊಳ್ಳುತ್ತದೆ. ಕಿಟಕಿಯ ಗಾಜಿನ ಮೂಲಕ ಬರುವ ಬಿಸಿಲು ಪ್ರಯೋಜನಕ್ಕೆ ಬಾರದು. ಏರಿ ಕೂರಲು ಕಲ್ಲು, ನೇರ ಬಿಸಿಲು, ಬೇಡವೆನಿಸಿದಾಗ ಸರಿಯಲು ನೆರಳು ಮೂರೂ ಬೇಕು.

ಆಮೆ ತಿನ್ನುವ ನೀರಿನಲ್ಲೇ ಮಲವಿಸರ್ಜನೆಯನ್ನೂ ಮಾಡುತ್ತದೆ. ಬೇರೆ ಬೇಸಿನ್ನಿನಲ್ಲಿ ತಿನ್ನಿಸಿದರೆ ತೊಟ್ಟಿಯ ನೀರು ಬೇಗ ಕೆಡುವುದಿಲ್ಲ. ಆದರೂ ನೀರು ಬದಲಿಸುವ ಕೆಲಸ ತಪ್ಪದು, ಮತ್ತು ಅನೇಕ ಮನೆಗಳಲ್ಲಿ ಎಡವಟ್ಟಾಗುವುದು ಇಲ್ಲೇ. ತೊಟ್ಟಿಯನ್ನು ಅಡಿಗೆಮನೆಯ ಸಿಂಕಿನಲ್ಲಿ ತೊಳೆಯುತ್ತಾರೆ. ಅದೇ ಸಿಂಕಿನಲ್ಲಿ ಮಗುವಿನ ಹಾಲಿನ ಬಾಟಲಿ, ಕೊತ್ತಂಬರಿ ಸೊಪ್ಪು ತೊಳೆಯುವುದೂ ನಡೆಯುತ್ತದೆ. ಇಲ್ಲವೇ ಬಚ್ಚಲಿಗೆ ಒಯ್ಯುತ್ತಾರೆ; ಅಜ್ಜಿ ಕಾಲು ಚಾಚಿ ಕುಳಿತು ಮೊಮ್ಮಗುವಿಗೆ ಎರೆಯುವುದೂ ಅಲ್ಲೇ. ಕೂಸು ಆಮೆಯನ್ನು ಮುಟ್ಟಲೇಬೇಕೆಂದಿಲ್ಲ, ಮುಟ್ಟಿದವರ ಕೈ ಸಾಕು. ಆದ್ದರಿಂದ ಕೊಳಕು ನೀರನ್ನು ಶೌಚಾಲಯದ ಗುಂಡಿಗೆ ಸುರಿಯಿರಿ. ತೊಟ್ಟಿಯನ್ನು ಮನೆಯ ಹೊರಗೆ, ಅದಕ್ಕೆಂದೇ ಇಟ್ಟ ಬಕೆಟ್ಟು ಬ್ರಷ್ಷು ಬಳಸಿ ತೊಳೆಯಿರಿ. ಅನಂತರ ಕೈಗೆ ಸೋಪು, ಕನಿಷ್ಠ 20 ಸೆಕೆಂಡು. ಆಮೆಗೆ ಮುತ್ತಿಡುವುದು, ಊಟದ ಮೇಜಿನ ಮೇಲೆ ಬಿಡುವುದು ಬೇಡವೇ ಬೇಡ. 5 ವರ್ಷದೊಳಗಿನ ಮಕ್ಕಳು, ಗರ್ಭಿಣಿಯರು, 65 ದಾಟಿದ ಹಿರಿಯರು, ಕ್ಯಾನ್ಸರ್ ಚಿಕಿತ್ಸೆ ಪಡೆಯುತ್ತಿರುವವರು ಇರುವ ಮನೆಗೆ ಆಮೆಯನ್ನು ತಾರದಿರುವುದೇ ಲೇಸು.

ಸೋಂಕು ತಗುಲಿದ 6 ಗಂಟೆಯಿಂದ 6 ದಿನದೊಳಗೆ ಜ್ವರ, ಹೊಟ್ಟೆನೋವು, ಭೇದಿ ಕಾಣಿಸಿಕೊಳ್ಳುತ್ತವೆ. ಆರೋಗ್ಯವಂತ ದೊಡ್ಡವರಲ್ಲಿ 4ರಿಂದ 7 ದಿನಗಳಲ್ಲಿ ತಾನಾಗಿ ಇಳಿಯುತ್ತದೆ, ಓ.ಆರ್.ಎಸ್., ಗಂಜಿ, ಮಜ್ಜಿಗೆ ಸಾಕು. ಆಂಟಿಬಯಾಟಿಕ್ ಎಲ್ಲರಿಗೂ ಬೇಕಿಲ್ಲ, ಅದನ್ನು ವೈದ್ಯರು ನಿರ್ಧರಿಸಲಿ. ಮಕ್ಕಳಿಗೆ ಭೇದಿ ಕಟ್ಟುವ ಮಾತ್ರೆಯನ್ನು ನೀವಾಗಿ ಕೊಡಬೇಡಿ. ಎಳೆ ಕೂಸುಗಳಲ್ಲಿ ರೋಗಾಣು ರಕ್ತಕ್ಕೆ ಸೇರಿ ಮಿದುಳಿನ ಪೊರೆಯವರೆಗೂ ಹೋಗಬಲ್ಲದು. ಕೂಸಿಗೆ ಜ್ವರವಿದ್ದರೆ, ಮಲದಲ್ಲಿ ರಕ್ತ ಕಂಡರೆ, ಮೂತ್ರ ಕಡಿಮೆಯಾದರೆ, ಹಾಲು ಬಿಟ್ಟು ಮಂಕಾಗಿ ಮಲಗಿದರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಒಯ್ಯಿರಿ. ಎದೆಹಾಲು ನಿಲ್ಲಿಸಬೇಡಿ. ಮನೆಯಲ್ಲಿ ಆಮೆ ಇದೆ ಎಂದು ಕೇಳುವ ಮುಂಚೆಯೇ ಹೇಳಿ. ಆ ಒಂದು ಮಾತಿನಿಂದ ವೈದ್ಯರು ಮಲದ ಕಲ್ಚರ್ ಪರೀಕ್ಷೆಯ ಬಗ್ಗೆ ಬೇಗ ಯೋಚಿಸುತ್ತಾರೆ.

ಇಷ್ಟು ಓದಿ ಆಮೆಯೇ ಬೇಡವೆನಿಸಿದರೆ ಹತ್ತಿರದ ಕೆರೆಗೋ ದೇವಸ್ಥಾನದ ಕಲ್ಯಾಣಿಗೋ ಬಿಟ್ಟು ಕೈತೊಳೆದುಕೊಳ್ಳಬೇಡಿ. ಹೊರದೇಶದ ಈ ಆಮೆ ನಮ್ಮ ನೀರಿನ ಆಮೆಗಳ ಆಹಾರಕ್ಕೂ ಜಾಗಕ್ಕೂ ಪೈಪೋಟಿಗಿಳಿಯುತ್ತದೆ. 20-30 ವರ್ಷ ಬದುಕಿ ಊಟದ ತಟ್ಟೆಯಷ್ಟು ಬೆಳೆಯುವ ಪ್ರಾಣಿ ಇದು. ಕೊಂಡ ಅಂಗಡಿಯವರನ್ನೋ ಪಶುವೈದ್ಯರನ್ನೋ ವಿಚಾರಿಸಿ, ಸಾಕಬಲ್ಲವರಿಗೆ ಒಪ್ಪಿಸಿ. ಅದರ ಬದಲಿಗೆ ಯಾರಾದರೂ ನಕ್ಷತ್ರ ಆಮೆ ಕೊಡುತ್ತೇನೆಂದರೆ ಒಪ್ಪಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದನ್ನು ಮನೆಯಲ್ಲಿ ಇಟ್ಟುಕೊಳ್ಳುವುದು ಅಪರಾಧ.