ತೋಟ ಆರಂಭಿಸಲು ಬೇಸಿಗೆ ಬೇಡ, ಶರತ್ಕಾಲ ಸಾಕು

ಮನೆಯಲ್ಲೊಂದು ಪುಟ್ಟ ತೋಟ ಮಾಡಬೇಕೆಂಬ ಆಸೆ ಹೆಚ್ಚಿನವರಿಗೆ ಹುಟ್ಟುವುದು ಮಕ್ಕಳಿಗೆ ರಜೆ ಸಿಕ್ಕಾಗ. ಆದರೆ ಬೆಂಗಳೂರಿನ ಎಳೆಯ ಸಸಿಗಳಿಗೆ ಅತ್ಯಂತ ಕಷ್ಟದ ಕಾಲವೂ ಅದೇ. 2024ರ ಮಾರ್ಚ್‌ನಲ್ಲಿ ನೀರಿನ ಅಭಾವ ಎಷ್ಟು ಬಿಗಡಾಯಿಸಿತ್ತೆಂದರೆ, ಕುಡಿಯುವ ನೀರನ್ನು ಕೈತೋಟಕ್ಕೆ ಬಳಸಿದರೆ 5,000 ರೂಪಾಯಿ ದಂಡವೆಂದು ಜಲಮಂಡಳಿ ಆದೇಶಿಸಿತ್ತು.

ಹಾಗಾದರೆ ಸೂಕ್ತ ಕಾಲ ಯಾವುದು? ಸೆಪ್ಟೆಂಬರ್ ಕೊನೆಯಿಂದ ನವೆಂಬರ್‌ವರೆಗಿನ ಶರತ್ಕಾಲ. ನಮ್ಮ ನಗರದಲ್ಲಿ ಅತಿ ಹೆಚ್ಚು ಮಳೆಯಾಗುವ ತಿಂಗಳು ಸೆಪ್ಟೆಂಬರ್. ಅಕ್ಟೋಬರ್‌ನಲ್ಲಿ ಹಿಂಗಾರು ಬರುತ್ತದೆ. ಆಗ ಮಣ್ಣಿನಲ್ಲಿ ತೇವವೂ ಇರುತ್ತದೆ, ಬೇರಿಗೆ ಬೇಕಾದ ಬೆಚ್ಚಗೂ ಇರುತ್ತದೆ. ಬಿಸಿಲು ಮೃದುವಾಗಿರುವುದರಿಂದ ನೀರು ಬೇಗ ಆರುವುದಿಲ್ಲ. ಬೇಸಿಗೆ ಬರುವಷ್ಟರಲ್ಲಿ ಗಿಡ ಬೇರೂರಿರುತ್ತದೆ.

ರಾಜಾಜಿನಗರ, ವಿಜಯನಗರದ ಇಕ್ಕಟ್ಟಾದ ಮನೆಗಳಲ್ಲಿ ಅಂಗಳವಿಲ್ಲದಿದ್ದರೂ ತಾರಸಿ ಇದೆ. ಕೆಂಪು ಮಣ್ಣು, ಎರೆಗೊಬ್ಬರ ಮತ್ತು ತೆಂಗಿನ ನಾರಿನ ಪುಡಿಯನ್ನು ಸಮನಾಗಿ ಬೆರೆಸಿ, ತಳದಲ್ಲಿ ತೂತಿರುವ ಕುಂಡಕ್ಕೆ ತುಂಬಿಸಿ. ಮೆಂತ್ಯ ಸೊಪ್ಪು ಸುಮಾರು ಒಂದು ತಿಂಗಳಲ್ಲಿ ಕೈಗೆ ಸಿಗುತ್ತದೆ. ಕೊತ್ತಂಬರಿ, ಪಾಲಕ್, ಮೂಲಂಗಿಗೆ ಇನ್ನೊಂದೆರಡು ವಾರ ಬೇಕು. ಬಿರಿಯಾನಿಗೆ ತಂದ ಪುದೀನದ ಕಡ್ಡಿಗಳನ್ನೇ ನೆಟ್ಟರೂ ಚಿಗುರುತ್ತವೆ. ಕ್ಯಾರೆಟ್, ಬೀಟ್‌ರೂಟ್, ನವಿಲುಕೋಸಿಗೆ ಮುಂದಿನ ಚಳಿಯೇ ಹಿತ. ಅಂಗಳವಿದ್ದರೆ ಕರಿಬೇವು, ನಿಂಬೆ, ದಾಳಿಂಬೆ ಸಸಿಗಳನ್ನೂ ಈಗಲೇ ನೆಡಿ.

ಇದು ಬರಿಯ ಹವ್ಯಾಸವಲ್ಲ. ಕೆಂಗೇರಿಯ ಮೂಲಕ ಹರಿಯುವ ವೃಷಭಾವತಿ ಇಂದು ಕೊಳಚೆ ಮತ್ತು ಕಾರ್ಖಾನೆಗಳ ತ್ಯಾಜ್ಯವನ್ನು ಹೊತ್ತು ಬೈರಮಂಗಲ ಕೆರೆ ಸೇರುತ್ತಿದೆ. ಅಲ್ಲಿನ ಹೊಲಗಳಿಗೂ ಅದೇ ನೀರು ಹರಿದಿದೆ. ಪೇಟೆಯಲ್ಲಿ ಕೊಂಡ ಸೊಪ್ಪು ಯಾವ ನೀರಿನಲ್ಲಿ ಬೆಳೆಯಿತೆಂದು ನೀವು ಹೇಳಬಲ್ಲಿರಾ? ನಿಮ್ಮ ಮಕ್ಕಳ ತಟ್ಟೆಗೆ ಬರುವ ಒಂದು ಹಿಡಿ ಸೊಪ್ಪಾದರೂ ನಿಮ್ಮ ಕಣ್ಣೆದುರೇ ಬೆಳೆದರೆ ಎಷ್ಟು ನೆಮ್ಮದಿ!

ಹೈದರಾಲಿ 1760ರಲ್ಲಿ ಲಾಲ್‌ಬಾಗ್‌ಗೆ ಅಡಿಪಾಯ ಹಾಕಿದರು. ಟಿಪ್ಪು ಸುಲ್ತಾನ್ ದೂರದೇಶಗಳಿಂದ ಗಿಡಗಳನ್ನು ತರಿಸಿ ಅದನ್ನು ಬೆಳೆಸಿದರು. ತೋಟಗಾರಿಕೆ ಈ ನಗರದ ಹಳೆಯ ಪರಂಪರೆ. ಸತ್ಯವಿಶ್ವಾಸಿಗೆ ಅದು ಪುಣ್ಯಕಾರ್ಯವೂ ಹೌದು. ಮುಸ್ಲಿಮನೊಬ್ಬ ನೆಟ್ಟ ಗಿಡದಿಂದ ಮನುಷ್ಯ, ಪ್ರಾಣಿ ಅಥವಾ ಹಕ್ಕಿ ತಿಂದರೆ ಅದು ಆತನ ಪಾಲಿಗೆ ಸದಕವಾಗುತ್ತದೆಂದು ಪ್ರವಾದಿ ಮುಹಮ್ಮದ್(ಸ) ಕಲಿಸಿದ್ದಾರೆ. ಅಳಿಲೊಂದು ಟೊಮೆಟೊ ಕಚ್ಚಿದರೆ ಬೇಸರಿಸಬೇಡಿ.

ಎರಡು ಎಚ್ಚರಿಕೆಗಳಿವೆ. ಕುಂಡದ ಕೆಳಗಿನ ತಟ್ಟೆಯಲ್ಲಿ ನೀರು ನಿಂತರೆ ಡೆಂಗಿ ಹರಡುವ ಸೊಳ್ಳೆ ಹುಟ್ಟುತ್ತದೆ, ಆಗಾಗ ಚೆಲ್ಲಿರಿ. ಕೆಳಮನೆಯವರ ಬಟ್ಟೆಯ ಮೇಲೆ ಕೆಸರು ನೀರು ಸೋರದಂತೆ ನೋಡಿಕೊಳ್ಳಿ. ನೆರೆಯವರ ಹಕ್ಕು ಸಣ್ಣದಲ್ಲ. ವುಝೂ ಮಾಡಿದ ನೀರನ್ನು ಬಕೆಟಿನಲ್ಲಿ ಹಿಡಿದಿಟ್ಟರೆ ಗಿಡಗಳಿಗಾಗುತ್ತದೆ.

ಈ ವಾರ ಒಂದೇ ಕುಂಡದಿಂದ ಆರಂಭಿಸಿ. ಬೀಜ ಬಿತ್ತುವ ಕೆಲಸವನ್ನು ಮಕ್ಕಳಿಗೆ ಕೊಡಿ. ಮೊದಲ ಕಟ್ಟು ಸೊಪ್ಪಿನಲ್ಲಿ ಅರ್ಧವನ್ನು ಪಕ್ಕದ ಮನೆಗೆ ಅವರ ಕೈಯಲ್ಲೇ ಕಳುಹಿಸಿ.