ಜೀನ್ ಬಾಗಿಲಲ್ಲಿ ಮೀಥೈಲ್

ನಿಮ್ಮ ಕಣ್ಣಿನ ಜೀವಕೋಶ, ಲಿವರ್‌ನ ಜೀವಕೋಶ, ಎರಡರಲ್ಲೂ ಇರೋದು ಒಂದೇ ಡಿಎನ್‌ಎ. ಹಾಗಿದ್ರೆ ಕಣ್ಣು ಯಾಕೆ ಪಿತ್ತರಸ ಮಾಡಲ್ಲ?

ಒಂದು ಕಾರಣ ತೀರಾ ಪುಟ್ಟದು. ಒಂದು ಕಾರ್ಬನ್, ಮೂರು ಹೈಡ್ರೋಜನ್. ಹೆಸರು ಮೀಥೈಲ್. ಡಿಎನ್‌ಎಯಲ್ಲಿ ಸಿ ಅಕ್ಷರದ ಪಕ್ಕ ಜಿ ಬಂದ ಕಡೆ, ಇದು ಸಿ ಮೇಲೆ ಬಂದು ಕೂರುತ್ತೆ. ಇಂಥ ಜಾಗಗಳು ನಮ್ಮಲ್ಲಿ ಸುಮಾರು 2.8 ಕೋಟಿ. ಅದರಲ್ಲಿ ಹೆಚ್ಚುಕಡಿಮೆ ಮುಕ್ಕಾಲು ಪಾಲಿಗೆ ಮೀಥೈಲ್ ಅಂಟಿರುತ್ತೆ.

ಆದರೆ ಜೀನ್ ಶುರುವಾಗೋ ಕಡೆ ನೋಡಿ. ಬಹಳಷ್ಟು ಜೀನ್‌ಗಳಲ್ಲಿ ಅಲ್ಲಿ ಸಿ-ಜಿ ಜೋಡಿಗಳು ಒತ್ತೊತ್ತಾಗಿರುತ್ತವೆ, ಮೀಥೈಲ್ ಮಾತ್ರ ಇಲ್ಲವೇ ಇಲ್ಲ ಅನ್ನೋಷ್ಟು ಕಮ್ಮಿ. ಅಂಗಳ ಗುಡಿಸಿಟ್ಟ ಹಾಗೆ. ಅಲ್ಲಿ ಮೀಥೈಲ್ ತುಂಬಿಕೊಂಡರೆ ಜೀನ್ ಸಾಮಾನ್ಯವಾಗಿ ಬಾಯಿ ಮುಚ್ಚುತ್ತೆ.

ತಮಾಷೆ ಏನಂದ್ರೆ, ಚುರುಕಾಗಿ ಕೆಲಸ ಮಾಡ್ತಿರೋ ಜೀನ್‌ನ ಒಳಭಾಗದಲ್ಲಿ ಮೀಥೈಲ್ ದಂಡಿಯಾಗಿರುತ್ತೆ! 'ಮೀಥೈಲ್ ಅಂದ್ರೆ ಬೀಗ' ಅನ್ನೋ ಪಾಠ ಇಲ್ಲಿ ಎಡವುತ್ತೆ.

ಈ ಗುರುತು ಬದಲಾಗುತ್ತೆ ಕೂಡ. ಎಎಚ್‌ಆರ್‌ಆರ್ ಅನ್ನೋ ಜೀನ್ ತಗೊಳ್ಳಿ. ಸಿಗರೇಟು ಸೇದುವವರ ರಕ್ತದಲ್ಲಿ ಅದರ ಒಂದು ಜಾಗದ ಮೀಥೈಲ್ ಎದ್ದು ಕಾಣುವಷ್ಟು ಇಳಿದಿರುತ್ತೆ. 'ನಾನು ಸೇದಲ್ಲ ಸಾರ್' ಅಂದ್ರೂ ರಕ್ತ ಬಾಯಿಬಿಡುತ್ತೆ.

ಸೇದೋದು ಬಿಟ್ಟರೆ? ವರ್ಷಗಳೇ ಹಿಡಿಯಬಹುದು, ಆದರೆ ಮೀಥೈಲ್ ಮೆಲ್ಲಗೆ ವಾಪಸ್ ಏರುತ್ತೆ.